ಚೈನ್ ನೋಡ್ಕೊಂಡು ಬರ್ತೀನಿ

ಹನ್ನೊಂದು, ಸೈಕಲ್ಲಿನ ಮೀಟರು ಹನ್ನೊಂದು ತೋರಿಸುತ್ತಿದೆ, ಈ ಏರಿನಲ್ಲಿ ನನಗೆ ಹನ್ನೊಂದು ಎಲ್ಲಿಂದ ಬಂತು, ಎಂಟು, ಮೈಯಲ್ಲಿ ತುಂಬ ಹುರುಪಿದ್ದರೆ ಒಂಬತ್ತು, ಅದಕ್ಕಿಂತ ಜೋರಾಗಿ ಈ ರಸ್ತೆಯಲ್ಲಿ ನಾನು ಹೋದವಳೇ ಅಲ್ಲ, ಬೆನ್ನಿಗೆ ಗಾಳಿ ಇರಬೇಕು — ಇಲ್ಲ, ಗುಜರಿ ಅಂಗಡಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಮಿಸುಕುತ್ತಿಲ್ಲ, ಹಾಗಾದರೆ ಈ ಹನ್ನೊಂದು ನನ್ನದೇ, ಐವತ್ತಮೂರು ವರ್ಷದ ಈ ಮೊಣಕಾಲುಗಳದ್ದೇ, ಭಲೇ ಅಂದುಕೊಳ್ಳಬೇಕು, ಅಂದುಕೊಂಡೆ ಕೂಡ, ಆದರೆ ಎದುರಿಗೆ ಏನೋ ಇರಬೇಕಾದ್ದು ಇಲ್ಲ, ಬರೀ ರಸ್ತೆ, ಇನ್ನೂ ಬಿಸಿಲು ಬೀಳದ ಡಾಂಬರು, ಅದರ ಬಿರುಕುಗಳು, ಇಷ್ಟೊಂದು ಬಿರುಕು ಇತ್ತೇ ಇಲ್ಲಿ, ನಾನು ನೋಡಿಯೇ ಇರಲಿಲ್ಲ, ಯಾಕೆಂದರೆ ಇಲ್ಲಿ ಯಾವಾಗಲೂ ಒಂದು ಬೆನ್ನು ಇರುತ್ತಿತ್ತು, ಇವರ ಬೆನ್ನು, ನೀಲಿ ಅಂಗಿ, ಬೆವರು ಮೊದಲು ಎಡ ಹೆಗಲ ಕೆಳಗೆ ಮೂಡಿ ಆಮೇಲೆ ನಡುವಿಗೆ ಇಳಿಯುವುದು, ಪ್ರತಿ ಭಾನುವಾರ ಗಂಡನ ಬೆನ್ನು ನೋಡಿಕೊಂಡೇ ಈ ಗುಡ್ಡ ಹತ್ತಿದವಳು ನಾನು, ಇವತ್ತು ಇವರು ಹಿಂದೆ. ಸೇತುವೆ ಹತ್ತಿರ ನಿಂತುಬಿಟ್ಟರು. ನೀನು ಹೋಗ್ತಿರು, ಚೈನ್ ಯಾಕೋ ಸದ್ದು ಮಾಡ್ತಿದೆ, ನೋಡ್ಕೊಂಡು ಬರ್ತೀನಿ. ನಾನೂ ನಿಲ್ತೀನಿ ಬಿಡಿ. ಬೇಡ ಕಣೇ, ಮೈ ಆರಿಬಿಡುತ್ತೆ, ಹೋಗು. ಬಂದೆ. ಚೈನಿನ ಸದ್ದು ನನಗಂತೂ ಕೇಳಿಸಿರಲಿಲ್ಲ.

ಈ ಏರನ್ನು ಹನ್ನೊಂದರಲ್ಲಿ ಹತ್ತಿ ಆಚೆ ಬದಿ ಮೂವತ್ತರಲ್ಲಿ ಇಳಿದರೆ ಸರಾಸರಿ ಇಪ್ಪತ್ತು ದಾಟೀತೇ — ಇಲ್ಲ, ಅದು ಹಾಗಲ್ಲ, ಇವರು ಲೆಕ್ಕದ ಮೇಷ್ಟ್ರು, ಎಷ್ಟು ಸಲ ಹೇಳಿದ್ದಾರೆ, ಹತ್ತರಲ್ಲಿ ಹತ್ತಿ ಮೂವತ್ತರಲ್ಲಿ ಇಳಿದ್ರೆ ಇಪ್ಪತ್ತಲ್ಲ, ಹದಿನೈದು. ಅದು ಹೇಗ್ರೀ? ಇಳಿಯೋದು ಬೇಗ ಮುಗಿದುಹೋಗುತ್ತಲ್ಲ, ಹೆಚ್ಚು ಹೊತ್ತು ಏರಲ್ಲೇ ಇರ್ತೀಯ, ಅದಕ್ಕೆ. ಸಂಸಾರಕ್ಕೂ ಇದೇ ಲೆಕ್ಕವಾ ಅಂದಿದ್ದೆ, ಅದಕ್ಕೆ ಬೇರೆ ಮೇಷ್ಟ್ರನ್ನ ಕೇಳು ಅಂದಿದ್ದರು. ಭಾನುವಾರದ ಸೈಕಲ್ ಗುಂಪಿನಲ್ಲಿ ಈ ಹದಿನೈದು ಯಾರಿಗೂ ಬೇಡ, ಹಲ್ಲಿನ ಡಾಕ್ಟರು ಇಪ್ಪತ್ತೆಂಟಕ್ಕೆ ಕಮ್ಮಿ ಬಾಯಿ ಬಿಡುವುದಿಲ್ಲ, ಚಹಾಕ್ಕೆ ನಿಂತದ್ದು ಲೆಕ್ಕವಿಲ್ಲ, ಸಿಗ್ನಲ್ಲಿನಲ್ಲಿ ನಿಂತದ್ದು ಲೆಕ್ಕವಿಲ್ಲ, ಏರು ಬಂದರೆ ಮೀಟರು ಆರಿಸುತ್ತಾರೆ ಅಂತ ಇವರ ಗುಮಾನಿ, ಐವತ್ತು ಕಿಲೋಮೀಟರ್ ಹೊಡೆದೆ ಅಂದವರದ್ದು ನಲವತ್ತೆರಡು ಅಂದುಕೊಂಡರೆ ಮೋಸವಿಲ್ಲ, ಎದುರುಗಾಳಿ ಇತ್ತು ಅಂತ ಎಲ್ಲರೂ ಹೇಳುತ್ತಾರೆ, ಬೆನ್ನಿಗೆ ಬಂದ ಗಾಳಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ನಮ್ಮಂಥವರು, ವಾರಕ್ಕೊಮ್ಮೆ ಖುಷಿಗೆ ಸೈಕಲ್ ಹತ್ತುವವರು, ನಿಜವಾಗಿ ಎಷ್ಟು ಹೋಗಬೇಕು, ಮೂವತ್ತೋ ನಲವತ್ತೋ, ಸಪಾಟು ರಸ್ತೆಯಲ್ಲಿ ಹದಿನೆಂಟೋ ಇಪ್ಪತ್ತೋ, ಇಂಥ ವಯಸ್ಸಿಗೆ ಇಷ್ಟು ಅಂತ ಎಲ್ಲಾದರೂ ಉಂಟೇ, ಮಗಳನ್ನು ಕೇಳಿದ್ದೆ, ಮಂಡಿ ಸೊಂಟ ಹಿಡಿದವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು, ಅಮ್ಮಾ ನಂಬರ್ ಬಿಡು, ಮಾತಾಡ್ಕೊಂಡು ಹೋಗೋಕಾದ್ರೆ ಸರಿಯಾದ ಸ್ಪೀಡು, ಹಾಡು ಹೇಳೋಕಾದ್ರೆ ಸೋಮಾರಿತನ, ಮಾತೇ ಹೊರಡ್ದಿದ್ರೆ ಅತಿಯಾಯ್ತು ಅಂತ. ಎಷ್ಟು ಚೆನ್ನಾದ ಅಳತೆ, ಮೀಟರೇ ಬೇಡ, ನಾಲಿಗೆ ಸಾಕು, ಇವರಂತೂ ಏರಿನಲ್ಲೂ ಬಾಯಿ ಮುಚ್ಚಿದವರಲ್ಲ, ಹಿಂದೆ ತಿರುಗದೆ ಗಾಳಿಗೆ ಮಾತು ಎಸೆಯುತ್ತಿದ್ದರು, ಅರ್ಧ ನನಗೆ ಸಿಗುತ್ತಿತ್ತು, ಅರ್ಧ ರಸ್ತೆಗೆ ಬೀಳುತ್ತಿತ್ತು, ಕಾಪಿ ಹೊಡೆದ ಹುಡುಗರ ಕಥೆ, ಹೆಡ್‌ಮೇಷ್ಟ್ರ ಕಥೆ — ಈಚೆಗೆ ಇಲ್ಲ. ಯಾವಾಗಿಂದ ಇಲ್ಲ? ಹೋದ ಭಾನುವಾರ ಸಪಾಟಿನಲ್ಲೇ ಹೂಂ, ಊಹೂಂ, ಅಷ್ಟೇ. ಮುನಿಸು ಅಂದುಕೊಂಡಿದ್ದೆ, ನಾನೂ ಬಿಗುಮಾನದಿಂದ ಸುಮ್ಮನಿದ್ದೆ.

ಗೇರು ಇಳಿಸು, ಮಣಿಕಟ್ಟು ಸಡಿಲ ಬಿಡು, ಹೌದು, ಆದರೆ ಚೈನು, ಚೈನಿನ ವಿಷಯದಲ್ಲಿ ಏನೋ ಇದೆ, ಮೊದಲ ವರ್ಷಗಳಲ್ಲಿ ಈ ಗುಡ್ಡದ ತುದಿಗೆ ನಾನು ನಾಯಿಯ ಹಾಗೆ ಏದುತ್ತ ಬಂದಾಗಲೆಲ್ಲ ನೀರಿನ ಟ್ಯಾಂಕಿನ ಪಕ್ಕ ಇವರ ಸೈಕಲ್ಲು ತಲೆಕೆಳಗಾಗಿ ನಿಂತಿರುತ್ತಿತ್ತು, ಇವರು ಅದರ ಮುಂದೆ ಕುಕ್ಕರುಗಾಲಲ್ಲಿ, ಈ ದರಿದ್ರ ಚೈನ್ ನೋಡೇ, ಇನ್ನೆರಡು ನಿಮಿಷ, ಕೂತ್ಕೋ, ನಾನು ಕೂತು, ನೀರು ಕುಡಿದು, ಉಸಿರು ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಚೈನೂ ಹದಕ್ಕೆ ಬರುತ್ತಿತ್ತು, ಹೊಸದು ಹಾಕಿಸಬಾರದೇ ಅಂತ ನಾನೇ ಬೈದಿದ್ದೇನೆ, ಹಾಕಿಸಿದರು, ಹೊಸ ಚೈನಿಗೂ ಅದೇ ರೋಗ, ಈ ಗುಡ್ಡದ ತುದಿಯಲ್ಲಿ ಮಾತ್ರ. ಆಮೇಲೆ ಬಾಟಲಿ ಚಾಚುತ್ತಿದ್ದರು. ಬಾಟಲಿ ಹಿಡಿದ ಬೆರಳು. ವಾರವೆಲ್ಲ ಸೀಮೆಸುಣ್ಣ ಮೆತ್ತಿದ ಬೆರಳು ಭಾನುವಾರ ತೊಳೆದಿಟ್ಟ ಹಾಗೆ ಇರುತ್ತಿತ್ತು, ಉಗುರಿನ ಸಂದಿಯಲ್ಲೂ ಒಂದು ಕಪ್ಪು ಗೆರೆ ಇರುತ್ತಿರಲಿಲ್ಲ, ಎಣ್ಣೆ ಕುಡಿದ ಚೈನನ್ನು ಮುಟ್ಟಿದ ಕೈ ಸೋಪಿಗೂ ಬಗ್ಗುವುದಿಲ್ಲ, ನನಗೆ ಗೊತ್ತು, ಕೈ ಕೆಸರಾಗದೆ ಯಾವ ಚೈನು ಸರಿಯಾಗುತ್ತದೆ ಮಹರಾಯರೇ! ಅಂದರೆ — ಅಯ್ಯೋ ದೇವರೇ — ಇವರು ಕಾಯುತ್ತಿದ್ದರು, ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಾಗದ ಹಾಗೆ ಕಾಯುತ್ತಿದ್ದರು, ಇಷ್ಟು ವರ್ಷ. ನನ್ನ ಕನ್ನಡಕದ ಅಂಗಡಿಗೆ ಬರುವವರು ಕೊನೆಯ ಸಾಲಿನ ಅಕ್ಷರ ಕಾಣದಿದ್ದರೂ ಕಂಡ ಹಾಗೆ ಓದುತ್ತಾರೆ, ಒಂಚೂರು ಮುಂದಕ್ಕೆ ವಾಲುತ್ತಾರೆ, ಅಷ್ಟರಲ್ಲೇ ಹಿಡಿದುಬಿಡುತ್ತೇನೆ, ಸುಮ್ನೆ ಊಹೆ ಮಾಡ್ಬೇಡಿ, ಕಾಣಲ್ಲ ಅಂದ್ರೆ ಕಾಣಲ್ಲ ಅನ್ನಿ, ಊರಿಗೆಲ್ಲ ಹೀಗೆ ಬುದ್ಧಿ ಹೇಳುವವಳು, ದೀಪದ ಕೆಳಗೆ ಕತ್ತಲೆ. ನಗು ಬರುತ್ತಿದೆ, ಈ ಏರಿನಲ್ಲಿ ನಗುವುದು ಉಸಿರಿಗೆ ದಂಡ.

ಹಾಗಾದರೆ ಇವತ್ತಿನ ಚೈನು ಯಾವ ಜಾತಿಯದು? ಅದೂ ನಾಟಕವೇ ಇರಬೇಕು, ನನಗೆ ಒಂದು ಸಲ ಮೊದಲು ಮುಟ್ಟುವ ಸುಖ ಕೊಡೋಣ ಅಂತ ಇರಬಹುದು, ಇವರಿಗೆ ಅಂಥ ಬುದ್ಧಿ ಇದ್ದೇ ಇದೆ, ಮಗಳ ಜೊತೆ ಚದುರಂಗದಲ್ಲಿ ಸೋತೂ ಸೋತೂ ಅವಳಿಗೆ ಆಟ ಕಲಿಸಿದವರು — ಅಥವಾ ಆಗುತ್ತಿಲ್ಲ. ಬರೀ ಆಗುತ್ತಿಲ್ಲ. ಅಂಗಡಿಯ ಮೆಟ್ಟಿಲು ನೆನಪಾಗುತ್ತಿದೆ, ಮೊನ್ನೆ ಊಟದ ಡಬ್ಬಿ ತಂದವರು ನಡುವೆ ತಿರುವಿನಲ್ಲಿ ನಿಂತು ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆ ಓದುತ್ತಿದ್ದರು, ಏನ್ರೀ ಅಷ್ಟು ಶ್ರದ್ಧೆಯಿಂದ ಓದ್ತಿದೀರಿ? ಬೆಂಕಿ ಬಿದ್ರೆ ಗೊತ್ತಿರಲಿ ಅಂತ. ನಗಿಸಿದರು, ನಕ್ಕೆ, ಡಬ್ಬಿ ಇಸಿದುಕೊಂಡೆ, ಹಣೆ ಒದ್ದೆಯಾಗಿದ್ದದ್ದನ್ನು ಕಂಡೂ ಕಾಣದ ಹಾಗೆ ಒಳಗೆ ಹೋದೆ, ಗಿರಾಕಿ ಕಾಯುತ್ತಿದ್ದರು. ಈಗ ತಿರುಗಿ ಇಳಿದುಬಿಡಲೇ, ಇಳಿದರೆ ನನಗೆ ಗೊತ್ತಾಯಿತು ಅಂತ ಅವರಿಗೆ ಗೊತ್ತಾಗುತ್ತದೆ, ಮತ್ತೆ ಅದಕ್ಕೊಂದು ತಮಾಷೆ ಮಾಡಿ ನನ್ನ ಬಾಯಿ ಮುಚ್ಚಿಸುತ್ತಾರೆ, ತಮಾಷೆ ಮಾಡಲಾಗದ ಜಾಗದಲ್ಲಿ ಹಿಡಿಯಬೇಕು. ಟ್ಯಾಂಕು ಕಂಡಿತು, ಮೀಟರು ಈಗ ಆರು, ಹನ್ನೊಂದು ಎಲ್ಲಿ ಬಿದ್ದುಹೋಯಿತೋ ಏನೋ.

ತುದಿ. ಟ್ಯಾಂಕಿನ ಪಕ್ಕ ಯಾವ ಸೈಕಲ್ಲೂ ಇಲ್ಲ, ಮೊದಲು ಮುಟ್ಟಿದ ಸುಖ ಇದೇ ಏನು, ಗಂಟಲು ಒಣಗಿದೆ, ಬಾಟಲಿ ಎರಡೂ ಅವರ ಹತ್ತಿರ, ಇಲ್ಲಿಂದ ಕೆಳಗಿನ ತಿರುವು ಕಾಣುತ್ತದೆ, ಇವರೂ ಇಲ್ಲಿಂದಲೇ ನನ್ನನ್ನು ನೋಡುತ್ತಿದ್ದರಲ್ಲ, ನಾನು ಕಂಡ ಮೇಲೆ ಸೈಕಲ್ಲು ತಲೆಕೆಳಗು ಮಾಡುತ್ತಿದ್ದರೇನೋ — ಅಗೋ ನೀಲಿ ಅಂಗಿ. ಸೈಕಲ್ಲಿನ ಮೇಲಿಲ್ಲ. ತಳ್ಳಿಕೊಂಡು ಬರುತ್ತಿದ್ದಾರೆ, ಒಂದು ಕೈ ಸೀಟಿನ ಮೇಲೆ, ಮೈಲಿಗಲ್ಲಿನ ಹತ್ತಿರ ನಿಂತರು, ಓದುತ್ತಿದ್ದಾರೆ, ಮೈಲಿಗಲ್ಲನ್ನು, ಅದರ ಮೇಲೆ ಇರುವುದು ಒಂದೇ ಅಂಕಿ. ಭಯ, ಬರೀ ಭಯ. ತಲೆ ಎತ್ತುತ್ತಾರೆ, ನೋಡಬಾರದು, ನಾನು ನೋಡಿದ್ದನ್ನು ಅವರು ನೋಡಬಾರದು, ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ, ಕೂತೆ, ಎರಡೂ ಕೈಯನ್ನು ಚೈನಿಗೆ ಒತ್ತಿ ತಿಕ್ಕಿದೆ, ಚೆನ್ನಾಗಿ, ಬೆರಳ ಸಂದಿಗೂ ಹತ್ತುವ ಹಾಗೆ, ನಾಟಕ ಆಡಿದರೆ ಪೂರ್ತಿ ಆಡಬೇಕು. ಕೊನೆಯ ತುಣುಕು ರಸ್ತೆಗೆ ಸೈಕಲ್ ಹತ್ತಿ ತುಳಿದುಕೊಂಡೇ ಬಂದರು, ಟೈರಿನ ಸದ್ದು, ಬ್ರೇಕು. ಏನಾಯ್ತೇ? ಮೂರೇ ಅಕ್ಷರಕ್ಕೆ ಎರಡು ಉಸಿರು. ಈ ದರಿದ್ರ ಚೈನ್ ಕಣ್ರೀ, ಇನ್ನೆರಡು ನಿಮಿಷ, ಕೂತ್ಕೊಳ್ಳಿ. ಕೂರಲಿಲ್ಲ, ನನ್ನ ಕೈ ನೋಡುತ್ತಿದ್ದಾರೆ, ಆಮೇಲೆ ತಮ್ಮ ಕೈ, ಆಮೇಲೆ ಮತ್ತೆ ನನ್ನದು, ತುಟಿ ಅಲ್ಲಾಡಿತು, ತಮಾಷೆ ಬರುತ್ತದೆ ಅಂತ ಕಾದೆ, ಬರಲಿಲ್ಲ, ಕಲ್ಲಿನ ಮೇಲೆ ಕುಳಿತರು. ಯಾವತ್ತಿಂದ ಗೊತ್ತಿತ್ತು ನಿಂಗೆ? ಈಗಷ್ಟೇ. ನಿಮಗೆ ಯಾವತ್ತಿಂದ ಹೀಗೆ? ಒಂದು ತಿಂಗಳಾಯ್ತೇನೋ. ಎದೆ ನೋಯುತ್ತಾ? ನೋವಲ್ಲ, ಬಿಗಿ, ನಿಂತ್ರೆ ಹೋಗುತ್ತೆ, ಈಗ ಹೋಯ್ತು, ನಿಂಗೆ ಹೇಳಿದ್ರೆ ಭಾನುವಾರ ನಿಲ್ಲಿಸಿಬಿಡ್ತೀಯ ಅಂತ. ಮಗಳಿಗೆ ಫೋನ್ ಮಾಡ್ತೀನಿ, ಕಾರು ತರಲಿ, ಇಲ್ಲಿಂದ ಸೀದಾ ಆಸ್ಪತ್ರೆಗೆ, ಒಂದು ಪೆಡಲೂ ತುಳೀಬಾರದು. ನಲವತ್ತು ಕಿಲೋಮೀಟರ್ ಆಗ್ಲಿಲ್ಲ ಇವತ್ತು. ಹದಿನಾಲ್ಕೇ ಸಾಕು. ಹೂಂ, ಅಂದರು. ಫೋನಿನ ತೆರೆಯ ಮೇಲೆ ನನ್ನ ಬೆರಳಿನ ಕಪ್ಪು, ಮಗಳು ಬರ್ತೀನಿ ಅಂದಳು, ಅಲ್ಲೇ ಕೂತಿರಿ, ಕದಲಬೇಡಿ ಅಂದಳು, ಕೂತಿದ್ದೇವೆ, ಕೆಳಗಿನಿಂದ ಕಾರಿನ ಸದ್ದು ಇನ್ನೂ ಇಲ್ಲ, ಇವರು ಬಾಟಲಿ ಚಾಚುತ್ತಾರೆ, ಕುಡಿಯೇ, ಅಂತ, ಬಾಟಲಿಯ ಸುತ್ತ ಬೆರಳು, ಒಂದು ಕಪ್ಪು ಗೆರೆಯೂ ಇಲ್ಲದ, ತೊಳೆದಿಟ್ಟಂಥ ಬೆರಳು.