ಅಮ್ಮನಿಗೆ ಕಳಿಸಬೇಕಿದ್ದ ಫೋಟೊ

ಮಲೇಷ್ಯಾದ ಕ್ಯಾಮರಾನ್ ಬೆಟ್ಟದ ತೋಟವೊಂದರಲ್ಲಿ ಡ್ಯಾಫೊಡಿಲ್ ಹೂಗಳು ಅರಳಿವೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದೇ ತಡ, ಸಂಜಯ್ ಶನಿವಾರ ಬೆಳಿಗ್ಗೆಯೇ ಕಾರು ತೆಗೆದ. ಸೈಬರ್‌ಜಯಾದ ಫ್ಲ್ಯಾಟಿನಲ್ಲಿ ಪರದೆ ಎಳೆದುಕೊಂಡು ಮಲಗಿರುತ್ತಿದ್ದ ಹೆಂಡತಿ ಮಯೂರಿ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ತ್ರಾಣ ಬೇಕಲ್ಲ.

ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಆಸ್ಪತ್ರೆಯಿಂದ ಬರುವಾಗ ಸಂಜಯ್, "ಅಮ್ಮನಿಗೆ ಈಗಲೇ ಹೇಳೋದು ಬೇಡ, ಬಿ.ಪಿ. ಏರುತ್ತೆ. ಸಮಯ ನೋಡಿ ನಾನೇ ಹೇಳ್ತೀನಿ" ಅಂದಿದ್ದ. ಆ ಸಮಯ ಬರಲೇ ಇಲ್ಲ. ಮೈಸೂರಿನಲ್ಲಿ ಅತ್ತೆ ಸರೋಜಮ್ಮ ಈಗಲೂ ಸೊಸೆಯ ತಿಂಗಳು ಎಣಿಸುತ್ತಿದ್ದರು.

ಬೆಟ್ಟದ ಮೇಲೆ ಚಳಿಯಿತ್ತು. ಇಳಿಜಾರಿನ ತುಂಬ ಹಳದಿ ಹೂಗಳು ತಲೆ ಬಾಗಿಸಿ ನಿಂತಿದ್ದವು. ಅಷ್ಟೊಂದು ಹಳದಿ ಮಯೂರಿಯ ಕಣ್ಣಿಗೆ ಚುಚ್ಚಿತು. ಸಂಜಯ್ ಕೂತು, ಎದ್ದು, ಹಿಂದೆ ಸರಿದು ಫೋಟೊ ತೆಗೆಯುತ್ತಲೇ ಇದ್ದ. ಆಮೇಲೆ ತೋಟದವಳಿಂದ ಒಂದು ಬುಟ್ಟಿ ಹೂವು ಈಸಿಕೊಂಡು ಅವಳ ಕೈಗಿಟ್ಟ.

"ಇನ್ನೂ ಸ್ವಲ್ಪ ಕೆಳಗೆ ಹಿಡ್ಕೋ. ಹೊಟ್ಟೆ ಕಾಣದ ಹಾಗೆ."

"ಯಾಕೆ?"

ಕ್ಯಾಮೆರಾ ಅವನ ಮುಖದಿಂದ ಇಳಿಯಲಿಲ್ಲ. "ಅಮ್ಮ ಫೋಟೊ ಕೇಳ್ತಾನೇ ಇದಾರೆ, ಮಯೂರಿ. ಒಂದೇ ಒಂದು."

ಅವಳು ಬುಟ್ಟಿಯನ್ನು ಮಣ್ಣಿನ ಮೇಲಿಟ್ಟಳು. "ಇದಕ್ಕೋಸ್ಕರ ಕರ್ಕೊಂಡು ಬಂದ್ಯಾ?"

"ಹಾಗಲ್ಲ. ನಿನಗೋಸ್ಕರಾನೂ."

ಆ 'ನೂ' ಅವಳಿಗೆ ನಾಟಿತು. ಅಲ್ಲಿ ನಿಂತೇ ಮೈಸೂರಿಗೆ ಫೋನ್ ಮಾಡಿದಳು. ಸಂಜಯ್ ತಡೆಯಲು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

"ಅತ್ತೆ, ಮಗು ಉಳೀಲಿಲ್ಲ. ಎರಡು ತಿಂಗಳಾಯ್ತು. ನಿಮಗೆ ಹೇಳಿರಲಿಲ್ಲ."

ಬೈಗುಳಕ್ಕೆ ಮಯೂರಿ ಸಿದ್ಧಳಾಗಿದ್ದಳು.

"ಹಸಿ ಮೈ ಕಣವ್ವ," ಅಂದರು ಸರೋಜಮ್ಮ, ಒಡೆದ ದನಿಯಲ್ಲಿ. "ಬಿಸಿನೀರು ಕಾಯಿಸಿ ಕೊಟ್ಟೋರು ಯಾರು ನಿಂಗೆ?"

"ಯಾರೂ ಇಲ್ಲ ಅತ್ತೆ."

"ಫೋನು ಅವನಿಗೆ ಕೊಡು."

ಸಂಜಯ್ ಫೋನು ತಗೊಂಡು ಹೂವಿನ ಸಾಲುಗಳ ನಡುವೆ ದೂರ ಹೋದ. ಫೋನು ಕಿವಿಗೆ ಹಿಡಿದುಕೊಂಡೇ ಅಲ್ಲಿ ಕುಕ್ಕುರುಗಾಲಲ್ಲಿ ಕೂತ. ಅವನ ಭುಜ ಅದುರುತ್ತಿತ್ತು. ಮಗು ಹೋದ ಮೇಲೆ ಅವನು ಅತ್ತದ್ದನ್ನು ಮಯೂರಿ ನೋಡಿದ್ದು ಇದೇ ಮೊದಲು. ಹೋಗಿ ಬೆನ್ನ ಮೇಲೆ ಕೈಯಿಡಬೇಕು ಅನ್ನಿಸಿತು, ಕೈ ಏಳಲಿಲ್ಲ. ಕಾರಿನ ಹತ್ತಿರ ಹೋಗಿ, ಅವನು ಬರುವವರೆಗೆ ಕಾದಳು.