ಹೂವು ಬೀಳುವ ತನಕ

ಮಹಾರಾಷ್ಟ್ರದ ಗಡಿಯೂರು ಸೊರಡಿಯ ಸಿದ್ದವ್ವನ ಮನೆಯಲ್ಲಿ ದೇವರನ್ನು ಕೇಳದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಬೋರು ಹೊಡೆಸಬೇಕೆ, ಕೇಳು. ಸೊಸೆಯನ್ನು ತವರಿಗೆ ಕಳಿಸಬೇಕೆ, ಕೇಳು. ಜತ್ತದ ಪೇಟೆಯಲ್ಲಿದ್ದ ಅರಿವೆ ಅಂಗಡಿಗೆ ಹೊಸ ಬೋರ್ಡು ಬರೆಸಬೇಕೆ, ಅದನ್ನೂ ಕೇಳು. ಕೇಳುವ ಬಗೆ ಇಷ್ಟೆ: ಪೂಜಾರಿ ಅಮಸಿದ್ದ ಹೂವಿನ ಎರಡು ಎಸಳುಗಳನ್ನು ನೀರಲ್ಲಿ ಅದ್ದಿ ದೇವರ ಮೂರ್ತಿಯ ಎಡಕ್ಕೊಂದು, ಬಲಕ್ಕೊಂದು ಹಚ್ಚುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ಬೀಳುವ ತನಕ ಕಾಯಬೇಕು. ನಮ್ಮ ಕಡೆ ಇದಕ್ಕೆ ಕೌಲು ಎನ್ನುತ್ತಾರೆ.

ನಾನು ಅವರ ಪಕ್ಕದ ಮನೆಯವನು, ಕನ್ನಡ ಶಾಲೆಯ ಮಾಸ್ತರ. ಸಿದ್ದವ್ವನ ಕೌಲು ನನಗೆ ಒಳ್ಳೆಯ ತಮಾಷೆಯಾಗಿತ್ತು. ತನ್ನ ಮನಸ್ಸಿಗೆ ಬಂದ ಕೆಲಸವಾದರೆ ಬಲಗಡೆಯದು ಬೀಳುವವರೆಗೆ ಮತ್ತೆ ಮತ್ತೆ ಕೇಳಿಸುತ್ತಿದ್ದಳು. ದೇವರೂ ಬೇಸತ್ತು ಹೂಂ ಅನ್ನುತ್ತಿದ್ದ. ಹಾಗಂತ ಆಕೆ ಕೆಟ್ಟವಳಲ್ಲ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗ ಶಿವಯೋಗೆಪ್ಪನನ್ನು ರಟ್ಟೆ ಬಲದಿಂದ ಬೆಳೆಸಿದವಳು. ಹಸಿದು ಬಂದವರನ್ನು ಆಕೆ ಹಾಗೆಯೇ ಕಳಿಸಿದ್ದನ್ನು ನಾನು ನೋಡಿಲ್ಲ.

ಎರಡು ಸಾವಿರದ ಆರನೇ ಇಸವಿ. ಒಂದು ಮುಂಜಾನೆ ಅಂಗಡಿಗೆ ಹೊರಟಿದ್ದ ಶಿವಯೋಗೆಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಐವತ್ತು ದಾಟದ ಗಟ್ಟಿ ಆಳು. ಎದೆ ಹಿಡಿದುಕೊಂಡಿದ್ದ, ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಹೆಂಡತಿ ಅನುರಾಧಾ ಓಡಿಹೋಗಿ, ಸೀಟು ತುಂಬಿಸಿಕೊಂಡು ಜತ್ತಕ್ಕೆ ವಡಾಪ ಜೀಪು ಹೊಡೆಯುವ ಫಿರೋಜನನ್ನು ಕರೆತಂದಳು. ಅವನು ಕೂತಿದ್ದ ಪ್ಯಾಸೆಂಜರುಗಳನ್ನು ಇಳಿಸಿ ಜೀಪನ್ನು ಬಾಗಿಲಿಗೇ ತಂದು ನಿಲ್ಲಿಸಿದ.

"ಕಾಕಾ, ಹತ್ತ್ರಿ ಲಗೂನ. ಜತ್ತ ಏನ ದೂರ ಐತಿ?"

ಸಿದ್ದವ್ವ ಬಾಗಿಲಿಗೆ ಅಡ್ಡ ನಿಂತಳು. "ನಿಂದರೋ ಫಿರೋಜ. ಇವನಪ್ಪನ್ನ ಕೌಲು ಕೇಳಲಾರದ ದವಾಖಾನಿಗೆ ಒಯ್ದಿದ್ವಿ, ಹೆಣಾ ತಂದ್ವಿ. ಅಮಸಿದ್ದ ಹೂ ಹಚ್ಚಲಿಕ್ಕೆ ಹೋಗ್ಯಾನ. ಬೀಳಲಿ, ಆಮ್ಯಾಲೆ ಹೊಂಡ್ರಿ."

"ಅತ್ತಿ, ಮೈಯೆಲ್ಲಾ ತಣ್ಣಗಾಗೇತ್ರಿ ಅವರ್ದು," ಅಂದಳು ಅನುರಾಧಾ. "ಕೌಲು ನಾಳಿ ಕೇಳೂಣ್ರಿ."

"ವಾಯು ಅದು. ಅಜಿವಾನದ ನೀರು ಕುಡಸು. ನೀ ನಿನ್ನೆ ಬಂದಾಕಿ, ನನಗ ನನ್ನ ಮಗನ ಮೈ ಗೊತ್ತಿಲ್ಲೇನ?"

ಆ ಸೊಸೆ ಬಂದು ಇಪ್ಪತ್ತು ವರ್ಷವಾಗಿತ್ತು. ಶಿವಯೋಗೆಪ್ಪ ತಾಯಿಯ ಮಾತು ಮೀರಿದವನಲ್ಲ. ಕುತ್ತಿಗೆ ಎತ್ತಿ, "ಹೂಂ ಅನ್ನು ಅವ್ವಾ," ಅಂದ, ಅಷ್ಟೆ. ಆಕೆ ಅನ್ನಲಿಲ್ಲ. ಫಿರೋಜ ಜೀಪು ಬಂದ್ ಮಾಡಿದ.

ನಾನು ಗುಡಿಗೆ ಓಡಿದೆ. ಎರಡೂ ಎಸಳುಗಳು ಅಂಟಿಸಿದಂತೆ ಕೂತಿದ್ದವು. "ಒಂದ ಸಲ ಉಫ್ ಅಂತ ಊದೋ, ಪುಣ್ಯಾ ಬರ್ತೈತಿ," ಅಂದೆ. ಅಮಸಿದ್ದ ಕಿವಿ ಮುಚ್ಚಿಕೊಂಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಮಧ್ಯಾಹ್ನ ದಾಟಿದ ಮೇಲೆ ಒಂದು ಎಸಳು ಒಣಗಿ ಬಿತ್ತು, ಎಡಗಡೆಯದು. "ಇವತ್ತ ಬ್ಯಾಡ ಅಂದ," ಎಂದು ಸಿದ್ದವ್ವ ಕೈ ಮುಗಿದಳು. ಮರುದಿನ ಬೆಳಿಗ್ಗೆ ಮತ್ತೆ ಹಚ್ಚಿಸಿದಾಗ ಬಲಗಡೆಯದು ಮೊದಲು ಬಿತ್ತು. ಆಗ ಜೀಪು ಹೊರಟಿತು. ಆಮೇಲೆ ನನಗೆ ಕೌಲಿನ ಮೇಲೆ ನಗು ಬಂದಿಲ್ಲ.

ಜತ್ತದಿಂದ ಮಿರಜಕ್ಕೆ ಕಳಿಸಿದರು. ಅಲ್ಲಿಯ ದವಾಖಾನೆಯಲ್ಲಿ ಹೃದಯದ ಡಾಕ್ಟರು ಸಾಜಿಯಾ. ಪಕ್ಕದ ಕುಣಿಕೋಣೂರಿನ ಹುಡುಗಿ, ನಮ್ಮ ಮಾತು ಬಲ್ಲವಳು. ಆಕೆ ಅನುರಾಧಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು: "ಹೃದಯಕ್ಕೂ ರಕ್ತಾ ಬೇಕಲ್ರಿ ವೈನಿ. ಆ ನಳಿಗಿ ಕಟ್ಟಿ ಹೋಗಿತ್ತು. ನೋವು ಬಂದ ತಾಸೆರಡು ತಾಸಿನ್ಯಾಗ ತಗದಿದ್ರ ಭಾಳ ಉಳೀತಿತ್ತು. ಈಗ ಹೃದಯದ ಮುಂದಿನ ಗ್ವಾಡಿ ಸತ್ತು ಹೋಗೇತಿ. ಉಳಿದದ್ದರ ಮ್ಯಾಲೇ ಸಂಸಾರ ನಡೀಬೇಕು."

ಶಿವಯೋಗೆಪ್ಪ ಜೀವಂತ ಬಂದ. ಆದರೆ ಎಂಥ ಜೀವ ಅದು! ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ. ಕಾಲು ಬಾತವು. ಸೀರೆಯ ಗಂಟುಗಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನಿಗೆ ತಂಬಿಗೆ ಎತ್ತುವುದೂ ಭಾರವಾಯಿತು. ಅನುರಾಧಾ ದಿನಾ ಜೀಪು ಹತ್ತಿ ಅಂಗಡಿಗೆ ಹೋಗತೊಡಗಿದಳು. ಸಿದ್ದವ್ವ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು: "ಕೌಲು ಕೇಳಿ ಒಯ್ದಿದ್ದಕ್ಕ ಮಗಾ ಉಳದ."

ಮುಂದೊಂದು ದಿನ ಅನುರಾಧಾ ಮರಾಠಿ ಪೇಪರೊಂದನ್ನು ಹಿಡಿದುಕೊಂಡು ಬಂದಳು. ಸೊಂಟದ ಎಲುಬಿನೊಳಗಿನ ಮಜ್ಜೆಯಿಂದ ಸ್ಟೆಮ್ ಸೆಲ್ ಎಂಬ ಕಣಗಳನ್ನು ತೆಗೆದು ಹೃದಯಕ್ಕೆ ಬಿಟ್ಟು, ಸತ್ತ ಭಾಗವನ್ನು ಚಿಗುರಿಸಲು ನೋಡುತ್ತಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಆಸೆ ಹುಟ್ಟಿತು. ರಮಜಾನಿಗೆ ಊರಿಗೆ ಬಂದ ಡಾಕ್ಟರು ಸಾಜಿಯಾ ಹಬ್ಬದ ಪಾಯಸ ಸುರಕುಂಬದ ಡಬ್ಬಿ ಹಿಡಿದು ಸೊರಡಿಗೂ ಬಂದಳು. ಆಸೆಯನ್ನು ಆಕೆ ಹಿಗ್ಗಿಸಲಿಲ್ಲ.

"ಪುಣೇದಾಗ ನಮ್ಮ ಗುರುಗಳು ಇದನ್ನ ಪರೀಕ್ಷಾ ಮಾಡಾಕತ್ಯಾರ್ರಿ. ಫುಕಟ ಮಾಡತಾರ, ರೊಕ್ಕಾ ತಗೊಳ್ಳೂದಿಲ್ಲ. ಖರೇ ಹೇಳತೀನಿ, ಉಪಯೋಗ ಆಗತೈತೋ ಇಲ್ಲೋ ಯಾರಿಗೂ ಇನ್ನಾ ಗೊತ್ತಿಲ್ಲ. ಅದಕ್ಕ ಬಂದವರ ಹೆಸರಿಗೆ ಚೀಟಿ ಎತ್ತತಾರ. ಅರ್ಧಾ ಮಂದಿಗೆ ಸೆಲ್ ಕೊಡತಾರ, ಉಳಿದ ಅರ್ಧಾ ಮಂದಿಗೆ ಬರೇ ಔಷಧ. ಆಮ್ಯಾಲೆ ಎರಡೂ ಕಡಿಯವರನ್ನ ಹೋಲಿಸಿ ನೋಡತಾರ."

ಸಿದ್ದವ್ವ ಕೂತಲ್ಲೇ ನೆಟ್ಟಗಾದಳು. "ಏನಂದಿ? ಚೀಟಿ ಎತ್ತತಾರಾ? ಮತ್ತ ನನ್ನ ಕೌಲಿಗೆ ನಗತೀರಲ್ಲ! ನಿಮ್ಮದು ಚೀಟಿ, ನಮ್ಮದು ಹೂ. ಏನ ಫರಕ ಐತಿ ಹೇಳವಾ ಯವ್ವಾ?"

ಸಾಜಿಯಾ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ.

"ಚಲೋ ಕೇಳಿದ್ರಿ ಆಯಿ. ಫರಕ ಐತಿ. ಗೊತ್ತಿಲ್ಲದ ಮಾತಿಗೆ ನಾವು ಚೀಟಿ ಎತ್ತತೇವಿ, ಗೊತ್ತು ಮಾಡಿಕೊಳ್ಳಾಕ. ಎದಿ ನೋವು ಬಂದವನ್ನ ದವಾಖಾನಿಗೆ ಒಯ್ಯಬೇಕೋ ಬ್ಯಾಡೋ ಅನ್ನೂದು ಗೊತ್ತಿದ್ದ ಮಾತು. ಅದಕ್ಕೂ ನಾ ಚೀಟಿ ಎತ್ತಿಕೋತ ಕುಂತ್ರ ನಾ ಡಾಕ್ಟರ ಅಲ್ಲ, ಕೊಲೆಗಾರ್ತಿ."

ಸಿದ್ದವ್ವನ ಮುಖ ಕಪ್ಪಿಟ್ಟಿತು. "ಅಂದ್ರ ನಾ ಕೊಲೆಗಾರ್ತಿ ಅಂತೀಯೇನ?"

"ನಿಮಗ ಗೊತ್ತಿರಲಿಲ್ಲ ಆಯಿ. ಇನ್ನ ಮ್ಯಾಲೆ ಗೊತ್ತಾತಲ್ಲ. ದೇವರನ್ನ ನಾ ಏನೂ ಅನ್ನೂದಿಲ್ಲ. ಅವ ಎಂದೂ ತಡಾ ಮಾಡ್ರಿ ಅಂದಿಲ್ಲ."

ಪುಣೆಗೆ ಹೋಗಲೂ ಸಿದ್ದವ್ವ ಹೂ ಹಚ್ಚಿಸದೆ ಬಿಡಲಿಲ್ಲ. ಈ ಸಲ ಹಚ್ಚಿದ ಕೂಡಲೇ ಬಲಗಡೆಯದು ಬಿತ್ತು. ಪುಣೆಯಲ್ಲಿ ಚೀಟಿಯೂ ಸೆಲ್ ಕೊಡುವ ಕಡೆಗೇ ಬಂತು. ಶಿವಯೋಗೆಪ್ಪನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಶುದ್ಧ ಮಾಡಿ, ಸಣ್ಣ ನಳಿಗೆಯಿಂದ ಅವನ ಹೃದಯಕ್ಕೆ ಬಿಟ್ಟರು. ನಾವೆಲ್ಲ ತಿಂಗಳುಗಟ್ಟಲೆ ಅವನ ಮುಖ ನೋಡುತ್ತ ಕಾದೆವು. ಅರ್ಧ ವರ್ಷ ಕಳೆದು ತಪಾಸಣೆ ಮಾಡಿದಾಗ ಹೃದಯ ಮೊದಲು ಎಷ್ಟು ರಕ್ತ ತಳ್ಳುತ್ತಿತ್ತೋ ಅಷ್ಟೇ ತಳ್ಳುತ್ತಿತ್ತು. ಕೆಲವರಿಗೆ ಸ್ವಲ್ಪ ಗುಣ ಕಂಡಿದೆ, ಕೆಲವರಿಗೆ ಇಲ್ಲ ಎಂದರು. ದೇವರೂ ಹೂಂ ಅಂದಿದ್ದ, ಚೀಟಿಯೂ ಹೂಂ ಅಂದಿತ್ತು. ಸತ್ತ ಗೋಡೆ ಮಾತ್ರ ಕೇಳಲಿಲ್ಲ. ಅನುರಾಧಾ ಆ ದಿನ ನಮ್ಮ ಮನೆಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮರು ವರ್ಷ ರೊಟ್ಟಿ ಬಡಿಯುತ್ತ ಕೂತ ಸಿದ್ದವ್ವನಿಗೇ ಎದೆ ಹಿಡಿಯಿತು. ಅದೇ ಬೆವರು, ಅದೇ ಸಂಕಟ. ಯಾರೋ ಅಮಸಿದ್ದನನ್ನು ಕರೆಯಲು ಓಡಿದರು. "ಹೂ... ಹೂ ಹಚ್ಚಸ್ರಿ," ಅನ್ನುತ್ತಿದ್ದಳು ಮುದುಕಿ.

ಗೋಡೆಗೆ ಒರಗಿದ್ದ ಶಿವಯೋಗೆಪ್ಪ ಎದ್ದು ನಿಂತ. ಬಾಗಿಲ ಚೌಕಟ್ಟು ಹಿಡಿದು, ಏದುಸಿರು ಬಿಡುತ್ತ, ಊರಿಗೆಲ್ಲ ಕೇಳುವಂತೆ ಕೂಗಿದ: "ಹೂ ಬ್ಯಾಡ! ಫಿರೋಜಾ, ಗಾಡಿ ಚಾಲೂ ಮಾಡು! ನಮ್ಮವ್ವನ್ನ ಎತ್ತಿ ಹಾಕ್ರಿ!"

"ದೇವರ ಮಾತು ಮೀರತೀಯಾ ಮಗನ?"

"ನಿನ್ನ ಮಾತು ಮೀರತೀನಿ ಅವ್ವಾ. ಪಾಪ ಬಂದ್ರ ನನಗಿರಲಿ." ಹುಟ್ಟಿದ ಮೇಲೆ ಅವನು ತಾಯಿಯ ಮಾತು ಮೀರಿದ್ದು ಅದೇ ಮೊದಲು. ಜೀಪು ಹತ್ತುವ ಶಕ್ತಿ ಅವನಿಗಿರಲಿಲ್ಲ, ಬಾಗಿಲಲ್ಲೇ ಕೂತುಬಿಟ್ಟ. ಅನುರಾಧಾ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ನಾನೂ ಹತ್ತಿದೆ.

ಜತ್ತದಲ್ಲಿ ಇಂಜೆಕ್ಷನ್, ಅಲ್ಲಿಂದ ಮಿರಜ, ಅಂದೇ ಕಟ್ಟಿದ್ದ ನಳಿಗೆ ಬಿಡಿಸಿದರು. ವಾರದೊಳಗೆ ಎಪ್ಪತ್ತು ದಾಟಿದ ಮುದುಕಿ ವಾರ್ಡಿನ ಉದ್ದಕ್ಕೂ ತಿರುಗಾಡುತ್ತ, ಮಿಕ್ಕ ರೋಗಿಗಳ ಊಟ ವಿಚಾರಿಸುತ್ತಿದ್ದಳು. ಬಿಡುಗಡೆಯ ದಿನ ಸಾಜಿಯಾ ಬಂದು ಬೆನ್ನು ಸವರಿ, "ನಿಮ್ಮ ಹೃದಯಕ್ಕ ಏನೂ ಆಗಿಲ್ಲ ಆಯಿ. ಲಗೂ ಬಂದ್ರಿ, ಎಲ್ಲಾ ಉಳೀತು," ಅಂದಳು.

ಸಿದ್ದವ್ವ ಡಾಕ್ಟರ ಕೈ ಹಿಡಿದುಕೊಂಡಳು.

"ಯವ್ವಾ, ನನ್ನ ಎಲುಬಿನ್ಯಾಗಿಂದು ತಗಿ. ಎಷ್ಟ ಬೇಕಾದ್ರೂ ತಗಿ. ನನ್ನ ಮಗನ ಎದಿಗಿ ಹಾಕು."

"ಅದು ಆಗೂದಿಲ್ಲ ಆಯಿ," ಅಂದಳು ಸಾಜಿಯಾ.

"ಗೊತ್ತೈತಿ ಬಿಡವಾ." ಸಿದ್ದವ್ವ ಕೈ ಬಿಟ್ಟಳು. "ಆವತ್ತ ಅವ ನನ್ನ ಎಲುಬು ಕೇಳಿರಲಿಲ್ಲ. ಹೂಂ ಅನ್ನು ಅವ್ವಾ ಅಂತ ಒಂದ ಮಾತು ಕೇಳಿದ್ದ. ಅದನ್ನ ನಾ ಕೊಡಲಿಲ್ಲ."