ಗಟ್ಟಿಬಾಯಿಗಾಗಿ ಕಾದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಬಸ್ಸಿನ ಹೆಂಗಸರೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ. ಬೆಳಗಿನ ಐದೂಮುಕ್ಕಾಲಿಗೆ ಕಾಲೋನಿಯಿಂದ ಹೊರಟು, ಒಂದೂಕಾಲು ಗಂಟೆ ಹೆದ್ದಾರಿಯಲ್ಲಿ ಲಾರಿಗಳ ಹೊಗೆ ಕುಡಿದು, ಏಳಕ್ಕೆ ಸರಿಯಾಗಿ ನಲವತ್ತಮೂರು ಜನರನ್ನು ಬಟ್ಟೆ ಫ್ಯಾಕ್ಟರಿಯ ಗೇಟಿಗೆ ಮುಟ್ಟಿಸುವವನಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಒಂದು ನಿಮಿಷ ತಡವಾದರೂ ಅವರ ಅರ್ಧ ದಿನದ ಹಾಜರಿ ಹೋಗುತ್ತಿತ್ತು. ಸಂಜೆ ಐದೂವರೆಗೆ ಬಿಟ್ಟರೆ ಮನೆ ಸೇರುವಾಗ ಏಳು. ಒಲೆ ಹಚ್ಚು, ಮಕ್ಕಳನ್ನು ಬೈ, ಮಲಗು, ಏಳು. ನಾನೂ ಅದೇ ಕಾಲೋನಿಯವನು, ಅದೇ ಬದುಕು.

ನಾನು ಹೇಳಹೊರಟ ವೋಟಿನ ವಿಷಯ ಬಂದದ್ದು ಆ ಕಾಲೋನಿಯಿಂದಲೇ. ನಮ್ಮ ವಾರ್ಡಿನ ಹಳೆಯ ಮೆಂಬರು ಗೋದಾಮು ಕಟ್ಟುವವರ ಜೊತೆ ಸೇರಿಕೊಂಡು, ನಮ್ಮ ಮನೆಗಳನ್ನು ಕೆಡವಿ ನಮ್ಮನ್ನು ಇನ್ನೂ ಇಪ್ಪತ್ತೆರಡು ಕಿಲೋಮೀಟರು ಆಚೆಗೆ ಎತ್ತಿಹಾಕುವುದಕ್ಕೆ ಕೌನ್ಸಿಲ್ಲಿನಲ್ಲಿ ಕೈ ಎತ್ತಿ ಬಂದಿದ್ದ. ಅವನ ಎದುರು ನಿಂತವಳು ಸೂಜಿ ಅಕ್ಕ. ಆಸ್ಪತ್ರೆಯಲ್ಲಿ ನರ್ಸು, ಕಾಲೋನಿಯ ಅರ್ಧ ಮಕ್ಕಳ ತೊಡೆಗೆ ಸೂಜಿ ಚುಚ್ಚಿ ಅಳಿಸಿದವಳು ಅವಳೇ. ಅಲ್ಲಿ ಒಂದು ಕೈ ಈ ಕಡೆ ಬಂದರೂ ಆ ತೀರ್ಮಾನ ಬಿದ್ದುಹೋಗುತ್ತಿತ್ತು. ಅವಳು ಗೆದ್ದರೆ ಮನೆ ಉಳಿಯುತ್ತಿತ್ತು, ಸೋತರೆ ಇಲ್ಲ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ.

ತಲೆ ಕೆಡಿಸಿದ್ದು ಹೊತ್ತು. ಮತದಾನ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ. ನಾವು ಏಳಕ್ಕೆ ಮುಂಚೆಯೇ ಊರು ಬಿಟ್ಟು, ಆರು ದಾಟಿದ ಮೇಲೆ ವಾಪಸ್ಸು ಬರುವವರು. ರಜೆ ಕೊಡಬೇಕೆಂದು ಕಾನೂನಿದೆಯಂತೆ. ಇದ್ದರೆ ಇರಲಿ, ಅದೇ ವಾರ ಹಡಗಿಗೆ ಹತ್ತಬೇಕಾದ ಮಾಲಿತ್ತು. ಫ್ಲೋರ್ ಇನ್‌ಚಾರ್ಜ್ ರಜೆಯ ಮಾತೆತ್ತಿದರೆ ಕಿವಿ ಕೇಳಿಸದವನಂತೆ ಓಡಾಡುತ್ತಿದ್ದ. ಕೊನೆಗೆ ಅವನ ದಾರಿಗೆ ಅಡ್ಡ ನಿಂತವಳು ಕಾಲರ್ ಹೊಲಿಯುವ ಗಟ್ಟಿಬಾಯಿ. ಅವಳು ಪಿಸುಗುಟ್ಟಿದರೂ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುತ್ತಿತ್ತು, ಹಾಗಾಗಿ ಆ ಹೆಸರು.

"ರಜೆ ಕೇಳ್ತಿಲ್ಲ ಸಾರ್, ಒಂದೂವರೆ ಗಂಟೆ ಮುಂಚೆ ಬಿಡಿ ಸಾಕು," ಎಂದಳಂತೆ. "ವೋಟು ಹಾಕಿದ ಬೆರಳಲ್ಲೇ ನಾಳೆ ನಿಮ್ಮ ಕಾಲರ್ ಹೊಲೀತೀವಿ, ಬೆರಳೇನು ಅಲ್ಲೇ ಬಿಟ್ಟು ಬರಲ್ಲ."

ಇಡೀ ಲೈನು ನಕ್ಕಿತಂತೆ. ಇನ್‌ಚಾರ್ಜನೂ ನಕ್ಕು, ನಾಲ್ಕಕ್ಕೆ ಬಿಡುತ್ತೇನೆ ಎಂದನಂತೆ. ಸಂಜೆ ಬಸ್ಸಿನಲ್ಲಿ ಅವಳು ಇದನ್ನು ಅಭಿನಯಿಸಿ ತೋರಿಸಿದಾಗ ನಾನೂ ನಕ್ಕೆ. ಎಲ್ಲರ ಮುಂದೆ ಮುಖಭಂಗವಾದ ಗಂಡಸು ಸುಮ್ಮನಿರುತ್ತಾನೆಯೇ ಎಂದು ನನ್ನ ಬುದ್ಧಿಗೆ ಆಗ ಹೊಳೆಯಲಿಲ್ಲ.

ಲೆಕ್ಕ ಸುಲಭವಾಗಿತ್ತು. ನಾಲ್ಕಕ್ಕೆ ಬಿಟ್ಟರೆ ಗೇಟಿನಲ್ಲಿ ಚೀಲ ತಪಾಸಣೆ ಮುಗಿಸಿ ನಾಲ್ಕೂಕಾಲಿಗೆ ಎಲ್ಲರೂ ಬಸ್ಸಿನಲ್ಲಿ. ಐದೂವರೆಗೆ ಶಾಲೆಯ ಬೂತು. ಅರ್ಧ ಗಂಟೆ ಕೈಯಲ್ಲಿ. ಬೂತಿನ ಚೀಟಿಗಳನ್ನೆಲ್ಲ ಗುಂಡಿ ಹೊಲಿಯುವ ಹಿರಿಯಾಕೆ, ನಮ್ಮ ಗುಂಡಿಯಮ್ಮ, ಹಿಂದಿನ ರಾತ್ರಿಯೇ ಸಂಗ್ರಹಿಸಿ ಕ್ರಮಸಂಖ್ಯೆಯಂತೆ ಜೋಡಿಸಿ ರಬ್ಬರು ಹಾಕಿ ಇಟ್ಟುಕೊಂಡಿದ್ದಳು.

ನಮ್ಮ ಬಸ್ಸಿಗೆ ಒಂದು ನಿಯಮವಿತ್ತು. ನಲವತ್ತಮೂರು ತಲೆ ತುಂಬುವವರೆಗೆ ಬಸ್ಸು ಅಲ್ಲಾಡುವಂತಿಲ್ಲ. ಫ್ಯಾಕ್ಟರಿಯವರು ಮಾಡಿದ್ದಲ್ಲ, ಹೆಂಗಸರೇ ಮಾಡಿಕೊಂಡದ್ದು, ನನ್ನ ತಂಗಿ ಸತ್ತ ಮೇಲೆ.

ತಂಗಿ ಅದೇ ಫ್ಯಾಕ್ಟರಿಯಲ್ಲಿ ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್ನಿನಲ್ಲಿದ್ದಳು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಕೆಲಸ ಮುಗಿಯದೆ ಅವಳು ಒಳಗೇ ಉಳಿದಳು. ಬಸ್ಸಿನಲ್ಲಿದ್ದವರು ಗೊಣಗುತ್ತಿದ್ದರು, ನನಗೂ ಹಸಿವು. ಅವಳೇ ಫ್ಯಾಕ್ಟರಿಯ ಕಿಟಕಿಯಿಂದ ಕೂಗಿದಳು, "ನೀನು ಹೊರಡೋ ಅಣ್ಣ, ನಾನು ಹೇಗೋ ಬರ್ತೀನಿ." ಹೊರಟೆ. ಅವಳು ಗೇಟಿನಿಂದ ಹೆದ್ದಾರಿಗೆ ಬಂದು, ಯಾವುದಾದರೂ ವಾಹನ ಸಿಕ್ಕೀತೆಂದು ಅಂಚಿನಲ್ಲಿ ನಡೆಯುತ್ತಿದ್ದಾಗ ಲಾರಿ ಬಡಿಯಿತು. ಚಪ್ಪಲಿ ನೋಡಿ ಗುರುತು ಹಿಡಿದವನು ನಾನು. ಅಂದಿನಿಂದ ಯಾರೇ ಒಬ್ಬಳು ಬರುವುದು ತಡವಾದರೂ ನಲವತ್ತೆರಡು ಜನ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಅದು ನನ್ನ ಮೇಲಿನ ಮಮತೆಯೆಂದು ನನಗೆ ಗೊತ್ತಿತ್ತು.

ಮತದಾನದ ದಿನ ಮಾತಿನಂತೆ ನಾಲ್ಕಕ್ಕೇ ಬಿಟ್ಟರು. ಹೆಂಗಸರು ಓಡೋಡಿ ಬಂದರು. ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು. "ಫೋಟೋ ತೆಗೆಯಲ್ಲ ಕಣೇ, ಬೆರಳಿಗೆ ಶಾಯಿ ಅಷ್ಟೇ," ಎಂದು ಉಳಿದವರು ಅವಳನ್ನು ಕಾಡಿಸಿದರು. ನಾಲ್ಕೂಕಾಲಿಗೆ ನಲವತ್ತೆರಡು. ಗಟ್ಟಿಬಾಯಿ ಇಲ್ಲ.

ಐದು ನಿಮಿಷ ಹೋಯಿತು. ಗೇಟಿನ ವಾಚ್‌ಮನ್ ತಾತ ಬಸ್ಸಿನ ಹತ್ತಿರ ಬಂದ. ಒಳಗೆ ಫೋನು ಬಿಡುತ್ತಿರಲಿಲ್ಲವಾದ್ದರಿಂದ ಸುದ್ದಿಯೆಲ್ಲ ಅವನ ಬಾಯಿಂದಲೇ ಬರಬೇಕು.

"ಆ ಇನ್‌ಚಾರ್ಜು ಅವಳ ಮುಂದೆ ಅರವತ್ತು ಕಾಲರ್ ಸುರಿದಿದಾನಪ್ಪ," ಎಂದ. "ಹೊಲಿಗೆ ಸೊಟ್ಟಗಿದೆ, ಬಿಚ್ಚಿ ಸರಿ ಮಾಡಿ ಹೋಗು, ಇಲ್ಲಾಂದ್ರೆ ನಾಳೆಯಿಂದ ಬರಬೇಡ ಅಂದ. ಅವಳು ಹೇಳಿ ಕಳಿಸಿದಾಳೆ. ಬಸ್ಸು ಹೊರಡಲಿ, ನಾನು ಹೇಗೋ ಬರ್ತೀನಿ ಅಂತ."

ತಂಗಿ ಕೂಗಿದ್ದೂ ಅದೇ ಮಾತು. ಬೇರೆ ಏನು ಹೇಳಿ ಕಳಿಸಿದ್ದರೂ ನಾನು ಹೊರಡುತ್ತಿದ್ದೆನೇನೋ. ನಾನು ಇಳಿದು ಗೇಟಿಗೆ ಹೋಗಿ ಕಬ್ಬಿಣ ಬಡಿದೆ, ಇನ್‌ಚಾರ್ಜನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದೆ. ಯಾರೂ ಹೊರಗೆ ಬರಲಿಲ್ಲ. ತಾತ ನನ್ನ ತೋಳು ಹಿಡಿದು, "ಕೂಗಬೇಡವೋ, ಇನ್ನೂ ಅರವತ್ತು ಸುರೀತಾನೆ," ಎಂದ.

ನಾಲ್ಕೂವರೆಗೆ ಸೂಜಿ ಅಕ್ಕ ಫೋನು ಮಾಡಿದಳು. "ಎಲ್ಲಿದ್ದೀರಾ? ಇಲ್ಲಿ ಸಾಲು ಖಾಲಿಯಾಗ್ತಿದೆ. ಅವನ ಕಡೆಯವರೆಲ್ಲ ಹಾಕಿ ಹೋದರು. ನಿಮ್ಮ ಬಸ್ಸನ್ನೇ ನಂಬ್ಕೊಂಡು ಕೂತಿದ್ದೀನಿ ಕಣಪ್ಪ."

"ಹೊರಟ್ವಿ ಅಕ್ಕ," ಎಂದು ಸುಳ್ಳು ಹೇಳಿದೆ.

ಬಸ್ಸಿನೊಳಗೆ ಗುಸುಗುಸು ಶುರುವಾಯಿತು. ನಿಯಮ ಮುರಿಯಬಾರದು ಎಂದು ಕೆಲವರು, ಇವತ್ತೊಂದು ದಿನ ಬೇರೆ ಎಂದು ಕೆಲವರು. ಗುಂಡಿಯಮ್ಮ ಎದ್ದು ನನ್ನ ಸೀಟಿನ ಪಕ್ಕ ಬಂದು ನಿಂತಳು.

"ಹೊರಡಪ್ಪ," ಎಂದಳು. "ಇನ್ನೂ ಬೆಳಕಿದೆ. ತಾತ ಅವಳನ್ನ ಗೇಟಲ್ಲೇ ಕೂರಿಸ್ಕೋತಾನೆ. ಅವಳ ಒಂದು ವೋಟು ಹೋದರೆ ಹೋಗಲಿ, ಎಲ್ಲರದ್ದೂ ಕಳೀಬೇಡ. ನೀನು ನಮ್ಮನ್ನ ಇಳಿಸಿ ಮತ್ತೆ ಬಂದು ಅವಳನ್ನ ಕರ್ಕೊಂಡು ಹೋಗು, ಡೀಸೆಲ್ಲಿಗೆ ನಾವೆಲ್ಲ ಸೇರಿ ಕೊಡ್ತೀವಿ."

ಎಲ್ಲರೂ ಹೂಂ ಎಂದರು. ಒಬ್ಬಳೂ ಎದುರಾಡಲಿಲ್ಲ. ಮಾಡಿದವರೇ ನಿಯಮವನ್ನು ಬಿಟ್ಟುಕೊಟ್ಟಾಗಿತ್ತು. ನಾನು ಬಸ್ಸು ಸ್ಟಾರ್ಟ್ ಮಾಡಿದೆ. ಗೇರು ಹಾಕಿದೆ. ಕನ್ನಡಿಯಲ್ಲಿ ಆ ಗೇಟು ಕಂಡಿತು, ಅದರಾಚೆಯ ಹೆದ್ದಾರಿ ಕಂಡಿತು. ಕ್ಲಚ್ಚು ಬಿಡಲಾಗಲಿಲ್ಲ, ನಂಬಿದರೆ ನಂಬಿ. ಇಂಜಿನು ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ನಲವತ್ತಮೂರು ಆಗಲಿ," ಎಂದೆ.

ಗುಂಡಿಯಮ್ಮ ನನ್ನ ಮುಖ ನೋಡಿ, ಹೋಗಿ ತನ್ನ ಸೀಟಿನಲ್ಲಿ ಕುಳಿತಳು. ಅವಳಾದರೂ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಗಟ್ಟಿಬಾಯಿ ಬಂದಾಗ ನಾಲ್ಕು ಐವತ್ತು. ಕೂದಲ ತುಂಬ ನೂಲಿನ ಚೂರು, ಬೆರಳಿನಲ್ಲಿ ಸೂಜಿ ಚುಚ್ಚಿದ ರಕ್ತ. ಬಸ್ಸು ನೋಡಿ ಓಡುತ್ತಿದ್ದವಳು ನಿಂತೇಬಿಟ್ಟಳು. "ಅಯ್ಯೋ ದೇವರೇ, ಇನ್ನೂ ಇಲ್ಲೇ ಇದೀರಾ?" ಎಂದಳು. ಆ ಒಂದು ಸಲ ಅವಳ ದನಿ ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ.

ಆಮೇಲೆ ಓಡಿಸಿದೆ ನೋಡಿ. ಕಂಪನಿ ಬಸ್ಸು ಅರವತ್ತರ ವೇಗ ದಾಟದಂತೆ ಬೀಗ ಹಾಕಿರುತ್ತಾರೆ; ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದರೂ ಅರವತ್ತೇ. ಲಾರಿಗಳ ಎಡಕ್ಕೆ ನುಗ್ಗಿದೆ, ಸಿಗ್ನಲ್ ಹಾರಿಸಿದೆ, ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹಿಂದೆ ಒಬ್ಬಳು ಹೊತ್ತು ಕೂಗುತ್ತಿದ್ದಳು, ಐದು ಮೂವತ್ತು, ಐದು ನಲವತ್ತೈದು. "ಸುಮ್ಮನಿರೇ ಮಾರಾಯ್ತಿ!" ಎಂದು ಗದರಿದೆ. ಕಾಲೋನಿಯ ತಿರುವಿನಲ್ಲಿ ಆರು ಹೊಡೆಯಿತು. ಶಾಲೆಯ ಮುಂದೆ ನಿಲ್ಲಿಸಿದಾಗ ಆರು ದಾಟಿ ನಾಲ್ಕು ನಿಮಿಷ.

ಗೇಟು ಹಾಕಿತ್ತು. ಒಳಗೆ ಸೂಜಿ ಅಕ್ಕ ಅಧಿಕಾರಿಯ ಹತ್ತಿರ ಕೈ ಮುಗಿದು ಏನೋ ಹೇಳುತ್ತಿದ್ದಳು. ಹೆಂಗಸರು ಬಸ್ಸಿನಿಂದ ಧುಮುಕಿ, ಸರಳುಗಳ ಸಂದಿಯಿಂದ ಕಾರ್ಡು ಹಿಡಿದ ಕೈಗಳನ್ನು ಒಳಗೆ ಚಾಚಿದರು. ಅಧಿಕಾರಿ ಕೆಟ್ಟವನೇನಲ್ಲ. "ಆರಕ್ಕೆ ಸಾಲಲ್ಲಿ ಇದ್ದವರಿಗೆ ಟೋಕನ್ ಕೊಟ್ಟಾಯ್ತಮ್ಮ. ಈಗ ಒಬ್ಬರನ್ನ ಬಿಟ್ಟರೂ ನನ್ನ ಕೆಲಸ ಹೋಗುತ್ತೆ," ಎಂದ. ಅವನೂ ಬೆವರಿದ್ದ. ಯಾರೋ ಅತ್ತರು. ಗುಂಡಿಯಮ್ಮ ಚೀಟಿಗಳ ರಬ್ಬರು ಬಿಚ್ಚಿ ಅವರವರ ಚೀಟಿಯನ್ನು ಅವರವರಿಗೆ ಹಿಂದಕ್ಕೆ ಹಂಚಿದಳು.

ಎರಡು ದಿನದ ಮೇಲೆ ಎಣಿಕೆಯಾಯಿತು. ಸೂಜಿ ಅಕ್ಕ ಹತ್ತೊಂಬತ್ತು ವೋಟಿಗೆ ಸೋತಳು.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಮಾರನೆಯ ಬೆಳಗ್ಗೆ ಎಲ್ಲರೂ ಇಳಿದ ಮೇಲೆ ಗಟ್ಟಿಬಾಯಿ ಒಬ್ಬಳೇ ಮೆಟ್ಟಿಲ ಮೇಲೆ ನಿಂತಳು.

"ಅಣ್ಣ, ಹೊರಡಿ ಅಂತ ಹೇಳಿ ಕಳಿಸಿದ್ದೆ ತಾನೇ?"

"ಹೌದು, ತಾತ ಹೇಳಿದ."

"ನನಗೆ ಎರಡು ಮಕ್ಕಳು. ಆ ಮನೆ ಬಿಟ್ರೆ ಎಲ್ಲಿಗೆ ಹೋಗಲಿ? ಅರವತ್ತು ಕಾಲರ್ ಬಿಚ್ಚೋವಾಗಲೂ ಒಂದೇ ಸಮಾಧಾನ ಇತ್ತು, ಬಸ್ಸು ಹೋಗಿರುತ್ತೆ, ನನ್ನದೊಂದು ಇಲ್ಲದಿದ್ರೂ ಉಳಿದವರು ಹಾಕಿರ್ತಾರೆ ಅಂತ." ಅವಳ ಕಣ್ಣಲ್ಲಿ ನೀರು ಬಂತು. "ನೀವು ಕಾದಿದ್ದು ನನಗೆ ಅಲ್ಲ ಅಣ್ಣ. ಸತ್ತವಳಿಗೆ ಕಾದ್ರಿ. ಬದುಕಿರೋರನ್ನ ಮರೆತುಬಿಟ್ರಿ."

ಹಾಜರಿಗೆ ತಡವಾಗುತ್ತದೆಂದು ಓಡಿದಳು.

ಮೂರು ತಿಂಗಳಲ್ಲಿ ಬುಲ್ಡೋಜರು ಬಂದವು. ಅದನ್ನು ವಿವರಿಸಲಾರೆ. ನಮ್ಮನ್ನು ಸಾಗಿಸಿದ ಜಾಗದಲ್ಲಿ ತಗಡಿನ ಮನೆಗಳಿದ್ದವು, ನಲ್ಲಿಯಿತ್ತು, ಬಸ್ಸಿರಲಿಲ್ಲ. ಅಷ್ಟು ದೂರಕ್ಕೆ ಬಸ್ಸು ಕಳಿಸಿದರೆ ನಮಗೆ ಪೂರೈಸುವುದಿಲ್ಲ ಎಂದು ಫ್ಯಾಕ್ಟರಿಯವರು ನನ್ನ ರೂಟನ್ನೇ ರದ್ದು ಮಾಡಿದರು. ನನ್ನನ್ನು ಆಫೀಸಿನವರನ್ನು ಕರೆತರುವ ಬಸ್ಸಿಗೆ ಹಾಕಿದರು. ಹೆಂಡತಿ ಮಕ್ಕಳು ಅಲ್ಲಿ, ನಾನು ವಾರವೆಲ್ಲ ಶೆಡ್ಡಿನಲ್ಲಿ ಮಲಗುವುದು. ನಲವತ್ತಮೂರರಲ್ಲಿ ಹನ್ನೆರಡು ಮಂದಿ ಕೆಲಸ ಬಿಟ್ಟರು. ಉಳಿದವರು ಹೇಗೆ ಬರುತ್ತಾರೆಂದು ನಾನು ಕೇಳಲಿಲ್ಲ. ಕೇಳುವ ಮುಖವಿರಲಿಲ್ಲ.

ಒಂದು ಚಳಿಯ ಬೆಳಗ್ಗೆ, ಇನ್ನೂ ಮಬ್ಬುಗತ್ತಲು, ನಾಲ್ವರು ಗುಮಾಸ್ತರನ್ನು ಹೇರಿಕೊಂಡು ಹೆದ್ದಾರಿಯಲ್ಲಿ ಬರುತ್ತಿದ್ದೆ. ದೀಪದ ಬೆಳಕಿನಲ್ಲಿ ರಸ್ತೆಯ ಅಂಚಿಗೆ ಏನೋ ಸಾಲು ಕಂಡಿತು. ಕೂಡುರಸ್ತೆಯ ಸರ್ಕಾರಿ ಬಸ್ಸು ಹಿಡಿಯಲು ನಡೆದು ಹೊರಟ ನನ್ನ ಹಳೆಯ ಬಸ್ಸಿನ ಹೆಂಗಸರು. ಒಬ್ಬರ ಹಿಂದೆ ಒಬ್ಬರು, ಊಟದ ಡಬ್ಬಿ ಎದೆಗವಚಿಕೊಂಡು. ಪಕ್ಕದಲ್ಲೇ ಲಾರಿಗಳು ಸೀರೆಯ ಸೆರಗು ಎಳೆಯುವ ಹಾಗೆ ಗಾಳಿ ಎಬ್ಬಿಸಿ ಹೋಗುತ್ತಿದ್ದವು. ಒಬ್ಬಳನ್ನು ಆ ರಸ್ತೆಗೆ ಬಿಡಲಾರದೆ ನಾನು ಅಷ್ಟೂ ಜನರನ್ನು ತಂದು ಅದೇ ರಸ್ತೆಯಲ್ಲಿ ನಡೆಸಿದ್ದೆ.

ಬ್ರೇಕು ಹಾಕಿ ಬಾಗಿಲು ತೆಗೆದೆ. "ಹತ್ತಿ, ಹತ್ತಿ ಎಲ್ಲರೂ," ಎಂದು ಕೂಗಿದೆ.

"ಯಾಕ್ರೀ ನಿಲ್ಲಿಸಿದ್ರಿ? ಆಫೀಸಿನವರಲ್ಲದವರನ್ನ ಹತ್ತಿಸಬಾರದು ಅಂತ ಬರೆದಿದೆ, ನೋಡಲಿಲ್ವಾ?" ಎಂದು ಹಿಂದಿನಿಂದ ಗುಮಾಸ್ತನೊಬ್ಬ ಗದರಿದ.

ಗುಂಡಿಯಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಗಟ್ಟಿಬಾಯಿ ಅವಳ ತೋಳು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹಂಗಿಸುವ ಭಾವವೂ ಇರಲಿಲ್ಲ.

"ಬೇಡ ಅಣ್ಣ," ಎಂದಳು. "ಇವರು ಹೋಗಿ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ. ಬಾಗಿಲು ಹಾಕಿ."

ಹಿಂದಿನಿಂದ ಲಾರಿಯೊಂದು ಹಾರ್ನು ಹೊಡೆಯುತ್ತಿತ್ತು. ನನಗೂ ಮಕ್ಕಳಿದ್ದರು, ಆ ಕೆಲಸ ಬೇಕಿತ್ತು. ಬಾಗಿಲು ಹಾಕಿ ಹೊರಟೆ.